ಬೋರ್ಡಿನ ಮೂಲೆಯ ಚೌಕ

ತನ್ನ ಮೇಲೆ ತಾನೇ ದೂರು ಬರೆದು, ಅದಕ್ಕೆ ಉತ್ತರ ಬರಲಿಲ್ಲವೆಂದು ಮತ್ತೆ ಜ್ಞಾಪನಪತ್ರ ಕಳಿಸಿದ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಹೋಗಿ ಈಗ ನಾಲ್ಕು ತಿಂಗಳು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಪುಟ ಬರೆದುಕೊಡಿ ಎಂದು ಪ್ರಾಂಶುಪಾಲರು ಕೇಳಿದರು. ಬರೆದುಕೊಟ್ಟೆ. ‘ಸರಳ ಸಜ್ಜನಿಕೆಯ ಮೂರ್ತಿ’, ‘ವಿದ್ಯಾರ್ಥಿಗಳ ಕಣ್ಮಣಿ’, ‘ತುಂಬಲಾರದ ನಷ್ಟ’, ಎಲ್ಲ ಹಾಕಿದೆ. ಫೋಟೋದ ಕೆಳಗೆ ಅಳತೆಗೆ ಸರಿಯಾಗಿ ಕೂತಿತು. ಮನೆಗೆ ಬಂದು ಇನ್ನೊಮ್ಮೆ ಓದಿದರೆ ಆ ಪುಟದಲ್ಲಿ ಅವರೊಬ್ಬರನ್ನು ಬಿಟ್ಟು ಬೇರೆಲ್ಲ ಇತ್ತು. ನಾನಂತೂ ಇರಲೇ ಇಲ್ಲ. ಆ ಪುಟದಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಚಿಕ್ಕೋಡಿಯ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಗಣಿತ. ಅವರು ಉಗಾರ ಖುರ್ದದಿಂದ ಬರುತ್ತಿದ್ದರು, ನಾನು ರಾಯಬಾಗದಿಂದ. ಬಸ್ಸು ಒಂದೇ. ಮೊದಲಿಗೆ ಇಬ್ಬರೂ ಅತಿಥಿ ಉಪನ್ಯಾಸಕರು. ಅತಿಥಿ ಎಂದರೆ ಎರಡು ದಿನ ಉಂಡು ಹೋಗುವವರು ಎಂದು ಲೋಕ ತಿಳಿದಿದೆ. ನಾನು ಏಳು ವರ್ಷ, ಅವರು ಹದಿನಾಲ್ಕು ವರ್ಷ ಹೋಗದೆ ಉಳಿದ ಅತಿಥಿಗಳು. ಪ್ರತಿ ಜೂನ್ ತಿಂಗಳಲ್ಲಿ ಹೊಸಬರಂತೆ ಅರ್ಜಿ ಬರೆದು, ನಮಗೆ ದಿನಾ ಚಹಾ ಕೊಡುವ ಗುಮಾಸ್ತರ ಮುಂದೆಯೇ ಗುರುತಿನ ಚೀಟಿ ತೋರಿಸಬೇಕಿತ್ತು.

ಎತ್ತರದ, ಸ್ವಲ್ಪ ಬಾಗಿದ ಆಳು. ಅಂಗಿಯ ಜೇಬಿನಲ್ಲಿ ಯಾವಾಗಲೂ ನಾಲ್ಕಾರು ಸೀಮೆಸುಣ್ಣದ ತುಂಡು ಇರುತ್ತಿದ್ದವು, ಕಂಡಕ್ಟರನಿಗೆ ಕೊಡುವ ನೋಟಿಗೂ ಬಿಳಿ ಪುಡಿ ಹತ್ತಿರುತ್ತಿತ್ತು. ಯೋಚನೆಗೆ ಬಿದ್ದರೆ ಎಡಗಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಲ್ಯಾಬಿನ ದುರ್ಬೀನಿನಲ್ಲಿ ಒಂದೇ ಕಣ್ಣಿಂದ ನೋಡಿ ಬಂದ ರೂಢಿ ಅದು. ಗೊತ್ತಿಲ್ಲದವರು ಕಣ್ಣು ಹೊಡೆಯುತ್ತಾರೆ ಎಂದು ತಿಳಿಯಬೇಕು, ಹಾಗಿತ್ತು. ಹೊಸದಾಗಿ ಬಂದಾಗ ನಾನೂ ಎರಡು ದಿನ ಹಾಗೇ ತಿಳಿದು ಮುಖ ಗಂಟಿಕ್ಕಿಕೊಂಡು ಕೂತಿದ್ದೆ.

ಹುಡುಗರು ಅವರಿಗೆ ‘ಅಂದಾಜು ಮಾಸ್ತರ’ ಎಂದು ಹೆಸರಿಟ್ಟಿದ್ದರು. ಅಂದಾಜಿನ ಮೇಲೆ ಕೆಲಸ ಮಾಡುವವರು ಎಂದಲ್ಲ, ಅಂದಾಜು ಎಂದವರನ್ನು ಬಿಡುತ್ತಿರಲಿಲ್ಲವೆಂದು. ಒಬ್ಬ ಹುಡುಗ ತಡವಾಗಿ ಬಂದು, “ಸ್ವಲ್ಪ ಲೇಟ್ ಆತ್ರಿ ಸರ್” ಎಂದರೆ, “ಸ್ವಲ್ಪ ಅಂದ್ರ ಯಾವುದಕ್ಕ ಹೋಲಿಸಿ?” ಎಂದು ಕೇಳುವರು. “ಒಂದು ತಾಸಿನ ಕ್ಲಾಸಿಗೆ ಹತ್ತು ನಿಮಿಷ ಸ್ವಲ್ಪ ಅಲ್ಲೋ ತಮ್ಮಾ. ನಿನ್ನ ಆಯುಷ್ಯಕ್ಕ ಹೋಲಿಸಿದ್ರ ಸ್ವಲ್ಪ. ಯಾವ ಲೆಕ್ಕದಾಗ ಒಳಗ ಬರ್ತಿ, ಹೇಳಿ ಬಾ.” ಸಂತೆಯಲ್ಲಿ ಕಾಯಿಪಲ್ಲೆಯವಳು ಸಣ್ಣ ಬದನೆಕಾಯಿ ಎಂದರೂ ಇದೇ ಪ್ರಶ್ನೆ. ಆಕೆ, “ನಿಮ್ಮ ತಲಿಗಿಂತ ಸಣ್ಣದ್ರಿ ಸಾಹೇಬ್ರ, ತಗೊಂಡು ನಡೀರಿ” ಎಂದದ್ದನ್ನು ಅವರೇ ಬಸ್ಸಿನಲ್ಲಿ ಹೇಳಿ ನಕ್ಕಿದ್ದರು.

ಅವರ ಪಾಠದಲ್ಲಿ ಬೇರೆ ಯಾರೂ ಮಾಡದ ಒಂದು ಕೆಲಸವಿತ್ತು. ಯಾವ ಸೂತ್ರ ಹಿಡಿದರೂ ಮೊದಲು ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕ ಎಳೆಯುತ್ತಿದ್ದರು. ಮೇಲೆ ‘ಬಿಟ್ಟದ್ದು’ ಎಂದು ಬರೆಯುತ್ತಿದ್ದರು. ಲೆಕ್ಕದ ನಡುವೆ ಇದು ಸಣ್ಣದು ಎಂದು ಯಾವ ಪದವನ್ನು ಕೈಬಿಟ್ಟರೂ ಅದನ್ನು ಚೌಕದೊಳಗೆ ಬರೆದಿಡುತ್ತಿದ್ದರು. ಲೆಕ್ಕ ಮುಗಿದ ಮೇಲೆ ಚೌಕಕ್ಕೆ ವಾಪಸ್ಸು ಬಂದು, “ಈಗ ನೋಡೂಣು. ಇವು ಇನ್ನೂ ಸಣ್ಣವ ಅದಾವೋ, ನಾವು ಆ ಕಡೆ ಹೋದಾಗ ದೊಡ್ಡವಾಗ್ಯಾವೋ?” ಎಂದು ಕೇಳುತ್ತಿದ್ದರು. ಪರೀಕ್ಷೆಗೆ ಬಾರದ ಚೌಕವನ್ನು ಹುಡುಗರು ಬರೆದುಕೊಳ್ಳುತ್ತಿರಲಿಲ್ಲ. ಆದರೂ ಲ್ಯಾಬಿನ ಅಟೆಂಡರ್ ದಸ್ತಗೀರನಿಗೆ ಕಟ್ಟಪ್ಪಣೆ: ಬೋರ್ಡು ಒರೆಸುವಾಗ ಚೌಕ ಕೊನೆಗೆ. ಅವರ ಪಾಠದ ನಂತರ ಅದೇ ಕೋಣೆಯಲ್ಲಿ ನನ್ನ ಪಾಠ ಇರುತ್ತಿದ್ದುದರಿಂದ ಎಷ್ಟೋ ದಿನ ಅದನ್ನು ಒರೆಸಿದವಳು ನಾನೇ.

ಈ ದಸ್ತಗೀರ ಒಂದು ಶನಿವಾರ ನಮ್ಮಿಬ್ಬರನ್ನು ಕತ್ತಲೆಕೋಣೆಯಲ್ಲಿ ಹಾಕಿ ಕೀಲಿ ಜಡಿದುಬಿಟ್ಟ. ಬೇಕೆಂದಲ್ಲ. ಕಾಲೇಜಿಗೆ ಹೊಸದಾಗಿ ಲೇಸರ್ ಬಂದಿತ್ತು. ಬೆಳಕಿನ ಕೋಲು ಹರಡುವುದನ್ನು ತೋರಿಸುತ್ತೇನೆ ಬರ್ರಿ ಎಂದು ಸರ್ ಕರೆದರು, ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ ಕಾಲೇಜು ಬಿಟ್ಟಿತು. ಒಳಗೆ ದೀಪ ಕಾಣಲಿಲ್ಲವೆಂದು ಅವನು ಹೊರಗಿನಿಂದ ಕೀಲಿ ಹಾಕಿ ಮನೆಗೆ ಹೋದ. ಬಡಿದೆವು, ಕೂಗಿದೆವು. ಯಾರೂ ಇಲ್ಲ. ಆಗ ಮೊಬೈಲು ನಮ್ಮಂಥವರ ಕೈಗೆ ಬಂದಿರಲಿಲ್ಲ. ಒಬ್ಬ ಗಂಡಸಿನೊಂದಿಗೆ ಕತ್ತಲೆಕೋಣೆಯಲ್ಲಿ ಸಿಕ್ಕಿಬಿದ್ದ ಮೇಡಂ ಎಂಬ ಸುದ್ದಿ ಚಿಕ್ಕೋಡಿಯಿಂದ ರಾಯಬಾಗಕ್ಕೆ ನಾನು ಮುಟ್ಟುವ ಮೊದಲೇ ಮುಟ್ಟುತ್ತದೆ. ನಾನು ಅವರಿಂದ ದೂರದ ಮೂಲೆಗೆ ಸರಿದು ನಿಂತೆ.

ಅವರಿಗೆ ಅದು ತಿಳಿಯಿತು. ಬಾಗಿಲ ಹತ್ತಿರ ಹೋಗಿ ನಿಂತು, ಬೆನ್ನು ನನ್ನ ಕಡೆ ಮಾಡಿ, ಗಟ್ಟಿ ದನಿಯಲ್ಲಿ ಪಾಠ ಶುರು ಮಾಡಿದರು. ಹೊರಗೆ ಯಾರೇ ಸುಳಿದರೂ ಅವರ ಕಿವಿಗೆ ಬೆಳಕಿನ ವಿಷಯ ಬಿಟ್ಟು ಬೇರೇನೂ ಬೀಳಬಾರದು ಎಂಬುದು ಅವರ ಯೋಜನೆ. ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ನೀರು ಕುಡಿಯಲು ಬಂದರಂತೆ. ಒಳಗೆ ಪಾಠ ನಡೆದಿದೆ, ಕರೆದು ಕೂರಿಸಿಬಿಟ್ಟಾರು ಎಂದು ಹೆದರಿ ಸದ್ದಿಲ್ಲದೆ ಓಡಿಹೋದರಂತೆ. ಹಾಗಾಗಿ ಯಾರೂ ಬಾಗಿಲು ತೆಗೆಸಲಿಲ್ಲ. ಊಟದ ಡಬ್ಬಿ ಮರೆತು ದಸ್ತಗೀರ ವಾಪಸ್ಸು ಬರುವವರೆಗೆ ಒಂದೂವರೆ ತಾಸು ನಾನು ಬೆಳಕಿನ ಪಾಠ ಕೇಳಿದೆ. ಅವರ ಪಿಎಚ್.ಡಿ. ವಿಷಯ ನನಗೆ ಅರ್ಥವಾದದ್ದು ಆಗಲೇ.

ಅದನ್ನು ಅವರು ಹೇಳಿದ ಹಾಗೇ ಹೇಳಲು ನೋಡುತ್ತೇನೆ. ಬೆಳಕಿನ ಕೋಲು ನೆಟ್ಟಗೆ ಹೋಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಇಲ್ಲ, ಹೋಗುತ್ತಾ ಹೋಗುತ್ತಾ ಹರಡುತ್ತದೆ. ಹೇಗೆ ಹರಡುತ್ತದೆ ಎಂಬುದರ ಪೂರ್ತಿ ಸಮೀಕರಣ ಬಿಡಿಸುವುದು ಕಷ್ಟ. ಆದ್ದರಿಂದ, ಬೆಳಕು ನಡುಗೆರೆಯಿಂದ ತೀರ ಸ್ವಲ್ಪವೇ ಓರೆಯಾಗುತ್ತದೆ ಎಂದುಕೊಂಡು ಒಂದು ಪದವನ್ನು ಬಿಟ್ಟುಬಿಡುತ್ತಾರೆ. ಬಿಟ್ಟ ಕೂಡಲೇ ಸಮೀಕರಣ ಹಸುವಿನ ಹಾಗೆ ಸಾಧುವಾಗುತ್ತದೆ. ಕೋಲು ದಪ್ಪಗಿದ್ದರೆ ಈ ಅಂದಾಜು ಚೆನ್ನಾಗಿ ನಡೆಯುತ್ತದೆ. ಆದರೆ ಬೆಳಕನ್ನು ಸೂಜಿಯಷ್ಟು ಸಣ್ಣದಾಗಿ ಹಿಂಡಿದರೆ ಅದು ಜೋರಾಗಿ ಅಗಲಿಕೊಳ್ಳುತ್ತದೆ. ಆಗ ಬಿಟ್ಟ ಪದ ಸಣ್ಣದಾಗಿ ಉಳಿಯುವುದಿಲ್ಲ. ಅದಕ್ಕೆ ಒಂದು ತಿದ್ದುಪಡಿ ಸೇರಿಸುತ್ತಾರೆ, ಅದರ ಮೇಲೆ ಎರಡನೆಯದು, ಮೂರನೆಯದು. ಹೀಗೆ ಸೇರಿಸುತ್ತಾ ಹೋದರೆ ಎಂಥ ಸಣ್ಣ ಕೋಲಿಗಾದರೂ ನಿಜವಾದ ಉತ್ತರ ಸಿಗುತ್ತದೆ ಎಂಬುದು ಸರ್ ಅವರ ಗೈಡ್ ಹಿಂದೆ ಬರೆದು ಹೆಸರು ಮಾಡಿದ ಮಾತು.

“ಅದ ಸುಳ್ಳಾಗಾಕತ್ತೈತ್ರಿ ಮೇಡಂ” ಎಂದರು ಸರ್, ಬಾಗಿಲಿಗೆ ಮುಖಮಾಡಿ. “ಮೂರನೇ ತಿದ್ದುಪಡಿ ಎರಡನೇದಕ್ಕಿಂತ ದೊಡ್ಡದು ಬರಾಕತ್ತೈತಿ. ಹರದದ್ದಕ್ಕಿಂತ ತೇಪಿ ದೊಡ್ಡದು. ಹೊಲದಂಗೆಲ್ಲಾ ಅಂಗಿ ಕೆಡತೈತಿ.”

ಮುಂದಿನ ನಾಲ್ಕೈದು ವರ್ಷ ಅವರು ಆ ಕೊನೆಯ ಅಧ್ಯಾಯ ಬರೆದರು. ಮೂರನೆಯ ಪದದಿಂದ ಹಿಡಿದು ಮುಂದಿನವೆಲ್ಲ ಹೇಗೆ ಬೆಳೆಯುತ್ತವೆ, ಯಾವ ಮಿತಿ ದಾಟಿದರೆ ಅಂದಾಜನ್ನು ನಂಬಬಾರದು ಎಂಬ ನಲವತ್ತೇಳು ಪುಟದ ಲೆಕ್ಕ. ಅದರ ಬಹುಪಾಲು ಹುಟ್ಟಿದ್ದು ಬಸ್ಸಿನಲ್ಲಿ. ಮನೆಯಲ್ಲಿ ಎರಡು ಹೆಣ್ಣುಮಕ್ಕಳ ಶಾಲೆ, ಟ್ಯೂಷನ್ನಿಗೆ ಬಂದ ಮಕ್ಕಳು, ಇಬ್ಬರೇ ಕೂರಬಹುದಾದ ಪಡಸಾಲೆ. ಬಸ್ಸು ಓಡುವಾಗ ಅಕ್ಷರ ಕುಣಿಯುತ್ತವೆಂದು ನಿಂತಾಗ ಮಾತ್ರ ಬರೆಯುತ್ತಿದ್ದರು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆ ಹಿಡಿದು ನಿಂತರೆ ನಾವೆಲ್ಲ ಶಾಪ ಹಾಕುತ್ತಿದ್ದೆವು. ಸರ್ ಮಾತ್ರ ಭಡಂಗದ ಪೊಟ್ಟಣ ಬಿಚ್ಚಿ, ಆ ಖಾರದ ಚುರುಮುರಿ ನನ್ನ ಕೈಗೂ ಒಂದು ಮುಷ್ಟಿ ಹಾಕಿ, ತೊಡೆಯ ಮೇಲೆ ವಹಿ ಇಟ್ಟುಕೊಳ್ಳುತ್ತಿದ್ದರು. “ಟ್ರ್ಯಾಕ್ಟರ್ ನಿಂತ್ರ ನನ್ನ ಚಾಪ್ಟರ್ ಮುಂದ ಹೋಗತೈತ್ರಿ” ಎನ್ನುವರು.

ಅಧ್ಯಾಯ ಮುಗಿದ ವರ್ಷ ಅವರಿಗೆ ನಲವತ್ತೆರಡು. ಫೆಬ್ರವರಿಯಲ್ಲಿ ಗೈಡ್ ಹತ್ತಿರ ಹೋಗಿ ಬಂದರು. ಆ ಗೈಡ್ ಕೆಟ್ಟವರೇನಲ್ಲ. ಚಹಾ ಕೊಟ್ಟು, ಮಕ್ಕಳ ಬಗ್ಗೆ ಕೇಳಿ, ಹೇಳಿದರಂತೆ: “ಎಲ್ಲಾ ಬಂಗಾರ ಅದ. ಕಡೀ ಚಾಪ್ಟರ್ ಒಂದು ತಗದುಬಿಡ್ರಿ. ಜೂನ್ ಮೂವತ್ತಕ್ಕ ನಾ ರಿಟಾಯರ್ ಆಗ್ತೇನಿ. ಅದರೊಳಗ ಕೊಟ್ಟರ ಸಹಿ ಮಾಡ್ತೇನಿ. ಆಮ್ಯಾಲೆ ನಿಮಗ ಗೈಡ್ ಯಾರು?” ಸರ್ ಅವರ ನೋಂದಣಿಯ ಅವಧಿಯೂ ಅದೇ ವರ್ಷ ಮುಗಿಯುತ್ತಿತ್ತು.

ಅದೇ ಸಮಯಕ್ಕೆ ಕಾಲೇಜಿನಲ್ಲಿ ಎರಡು ಕಾಯಂ ಹುದ್ದೆ ತುಂಬಲು ಸರಕಾರದ ಒಪ್ಪಿಗೆ ಬಂತು. ಒಂದು ಭೌತಶಾಸ್ತ್ರ, ಒಂದು ಗಣಿತ. ಮ್ಯಾನೇಜ್‌ಮೆಂಟಿನವರು ನಮ್ಮಿಬ್ಬರನ್ನೂ ಕರೆದು, “ಎರಡೂ ಹೆಸರು ಒಂದ ಫೈಲಿನ್ಯಾಗ ಹೋಗಬೇಕು. ಒಬ್ಬರದು ಅಪೂರ್ತಿ ಇದ್ರ ಪೂರಾ ಫೈಲ್ ವಾಪಸ್ ಬರತೈತಿ. ಸರದು ಪಿಎಚ್.ಡಿ. ಆದ್ರ ಇಬ್ಬರದೂ ಆತು, ಇಲ್ಲಂದ್ರ ಇಬ್ಬರದೂ ಇಲ್ಲ” ಎಂದರು. ಮುಂದಿನ ವರ್ಷಕ್ಕೆ ಸರ್ ಅವರ ವಯಸ್ಸು ಮೀರುತ್ತಿತ್ತು. ನನ್ನ ಅರ್ಹತೆ ಏಳು ವರ್ಷದಿಂದ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಮಾರ್ಚ್ ತಿಂಗಳ ಒಂದು ಸಂಜೆ, ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತಾಗ, ಅವರು ನಲವತ್ತೇಳು ಪುಟಗಳನ್ನು ನನ್ನ ಕೈಗಿಟ್ಟರು.

“ನೀವು ಗಣಿತದವರು. ಇದರಾಗ ಒಂದ ಒಂದು ಚೂಕ ತೋರಸ್ರಿ, ನಾ ಈ ಚಾಪ್ಟರ್ ಖರೇನ ಬಿಡ್ತೀನಿ. ಚೂಕ ಇಲ್ಲದ ಬಿಡು ಅಂದ್ರ ಹೆಂಗ ಬಿಡ್ಲಿ?”

ಹದಿನೈದು ದಿನ ಇಟ್ಟುಕೊಂಡೆ. ಮೂರು ಸಲ ಬಿಡಿಸಿ ನೋಡಿದೆ. ಒಂದೇ ಒಂದು ತಪ್ಪಿರಲಿಲ್ಲ. ಇಷ್ಟು ಚೊಕ್ಕ ಲೆಕ್ಕವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಕುಲುಕಾಡುವ ಬಸ್ಸಿನಲ್ಲಿ, ಪಕ್ಕದವರ ಕೋಳಿ, ಕಾಯಿಪಲ್ಲೆ ಚೀಲಗಳ ನಡುವೆ ಇದನ್ನು ಬರೆದದ್ದು ಎಂದರೆ ನಂಬಲಾಗದು.

ಹದಿನಾರನೆಯ ದಿನ ನಾನು ಮೂವತ್ತೊಂದನೆಯ ಪುಟಕ್ಕೆ ಒಂದು ತಪ್ಪು ಹುಟ್ಟಿಸಿದೆ. ಅಲ್ಲಿ ಮೂರನೆಯ ತಿದ್ದುಪಡಿಯ ಎರಡು ಭಾಗಗಳು ಕೂಡುತ್ತವೆ. ನಾನು ಬೇರೆ ಹಾಳೆಯಲ್ಲಿ ಅದೇ ಲೆಕ್ಕ ಬಿಡಿಸಿ, ಕಣ್ಣಿಗೆ ಬೀಳದ ಹಾಗೆ ಒಂದು ಕಡೆ ಮೈನಸ್ ಹೊಕ್ಕಿಸಿದೆ. ಎರಡೂ ಭಾಗ ಒಂದನ್ನೊಂದು ತಿಂದು ಹಾಕಿದವು, ಪದ ಮಾಯ. ಗಣಿತ ಬಲ್ಲವರು ಮಾತ್ರ ಮಾಡಬಹುದಾದ ಮೋಸ. ಅವರ ಮಕ್ಕಳ ಮುಖ ನೋಡಿ ಮಾಡಿದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ, ಆ ಫೈಲಿನಲ್ಲಿ ನನ್ನ ಹೆಸರೂ ಇತ್ತು. ಇದನ್ನು ಬರೆಯುತ್ತಿರುವುದು ಇದೇ ಮೊದಲು.

ಸಂಜೆ ಬಸ್ಸಿನಲ್ಲಿ ಹಾಳೆ ಕೊಟ್ಟೆ. ಅವರು ಎಡಗಣ್ಣು ಮುಚ್ಚಿ ನೋಡಿದರು. “ಹೌದಲ್ರೀ” ಎಂದರು. “ಇಷ್ಟು ವರ್ಷ ನನಗ ಹೆಂಗ ಕಾಣ್ಲಿಲ್ಲಿದು?” ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸುಣ್ಣದ ಜೇಬಿನಲ್ಲಿಟ್ಟುಕೊಂಡರು. ರಾಯಬಾಗ ಬಂತು, ನಾನು ಇಳಿದೆ. ಕಿಟಕಿಯಿಂದ ಕೈ ಮುಗಿದರು.

ಅಧ್ಯಾಯ ಹೋಯಿತು. ಅದರ ಜಾಗದಲ್ಲಿ ಒಂದು ಸಾಲು ಬಂತು: ಮೂರನೆಯ ತಿದ್ದುಪಡಿಯ ಎರಡು ಭಾಗಗಳು ಪರಸ್ಪರ ಕಳೆದುಹೋಗುವುದರಿಂದ ಅದನ್ನು ಬಿಡಬಹುದು. ಮುಂದಿನ ಪುಟದಲ್ಲಿ, ಲೆಕ್ಕವನ್ನು ಪರಿಶೀಲಿಸಿಕೊಟ್ಟದ್ದಕ್ಕೆ ನನಗೆ ಕೃತಜ್ಞತೆ. ಗೈಡ್ ಸಹಿ ಮಾಡಿದರು. ಪದವಿ ಬಂತು, ಫೈಲು ಹೋಯಿತು, ಇಬ್ಬರಿಗೂ ಆದೇಶ ಬಂತು. ಸರ್ ಬೆಳಗಾವಿಯ ಕುಂದಾ ತರಿಸಿ ಸ್ಟಾಫ್ ರೂಮಿನಲ್ಲಿ ಹಂಚಿದರು. ಮೊದಲ ತುತ್ತು ನನ್ನ ಕೈಗೆ ಕೊಟ್ಟರು. ನುಂಗಲಾಗದೆ ಬಾಯಲ್ಲಿಟ್ಟುಕೊಂಡೇ ತರಗತಿಗೆ ಹೋದೆ.

ಬೋರ್ಡಿನ ಮೂಲೆಯಲ್ಲಿ ಅವರ ಚೌಕ ಇತ್ತು. ಮೇಲೆ ‘ಬಿಟ್ಟದ್ದು’ ಎಂದು ಬರೆದಿತ್ತು. ಒಳಗೆ ಏನೂ ಇರಲಿಲ್ಲ. ಮರುದಿನವೂ ಇರಲಿಲ್ಲ. ಅಂದಿನಿಂದ ಒಂಬತ್ತು ವರ್ಷ ಅವರು ಚೌಕ ಎಳೆದು ಖಾಲಿ ಬಿಟ್ಟರು, ನಾನು ಒರೆಸಿದೆ. ನನ್ನ ಮಾತು ನಂಬಿ ಲೆಕ್ಕದ ಮೇಲಿನ ಹುಮ್ಮಸ್ಸೇ ಹೋಯಿತೋ ಏನೋ, ಬಸ್ಸು ನಿಂತರೂ ವಹಿ ತೆಗೆಯುತ್ತಿರಲಿಲ್ಲ. ಕಿಟಕಿಯಾಚೆ ಕಬ್ಬು ನೋಡುತ್ತಾ ಕೂರುತ್ತಿದ್ದರು. ನಾನು ಅವರ ಪಕ್ಕ ಬಿಟ್ಟು ಎರಡು ಸೀಟು ಹಿಂದೆ ಕೂರತೊಡಗಿದೆ. ಹೇಳಿಬಿಡಲೇ ಎಂದು ಎಷ್ಟು ಸಲ ಅನ್ನಿಸಿತು. ಹೇಳಿದರೆ ಅವರು ಸುಮ್ಮನಿರುವ ಜಾತಿಯಲ್ಲ, ಪದವಿ ವಾಪಸ್ಸು ಕೊಡುತ್ತಾರೆ. ಅವರ ನೌಕರಿ ಹೋಗುತ್ತದೆ, ಅದೇ ಫೈಲಿನ ನನ್ನದೂ. ಹೇಳದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಆ ಖಾಲಿ ಚೌಕ. ಕತ್ತಲೆಕೋಣೆಯ ಬಾಗಿಲನ್ನಾದರೂ ದಸ್ತಗೀರ ಬಂದು ತೆಗೆದಿದ್ದ. ಇದಕ್ಕೆ ಹೊರಗಿನಿಂದ ಬರುವವರು ಯಾರೂ ಇರಲಿಲ್ಲ.

ದೂರಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ನಡೆದದ್ದು ಎಲ್ಲಕ್ಕಿಂತ ಕೊನೆಗೆ, ಆದರೆ ನಾನು ಕೊನೆಗೆ ಹೇಳಬೇಕಾದದ್ದು ಬೇರೆ ಇದೆ. ಅವರು ಬದುಕಿನ ಕಡೆಯ ಮೂರು ವರ್ಷ ವಿಶ್ವವಿದ್ಯಾಲಯಕ್ಕೆ ರಿಜಿಸ್ಟರ್ಡ್ ಕಾಗದ ಬರೆಯುತ್ತಾ ಇದ್ದರು. ನನ್ನ ಪ್ರಬಂಧದಲ್ಲಿ ಇಂಥಲ್ಲಿ ತಪ್ಪಿದೆ, ಗೊತ್ತಿದ್ದೂ ಹಾಕಿದ್ದೇನೆ, ಕ್ರಮ ಕೈಗೊಳ್ಳಿ ಎಂದು. ಒಮ್ಮೆ ಅಲ್ಲಿನ ಗುಮಾಸ್ತನೊಬ್ಬ ಫೋನು ಮಾಡಿ, “ಸರ್, ದೂರು ಕೊಟ್ಟಾವ್ರು, ದೂರು ಯಾರ ಮ್ಯಾಲೆ, ಎರಡೂ ಕಡೆ ಒಂದ ಹೆಸರು ಬರದೀರಿ. ಹಿಂಗಿದ್ರ ತಗೋಳಾಕ ಬರಂಗಿಲ್ರಿ” ಎಂದನಂತೆ. ಯಾರೂ ಅವರ ಪದವಿ ಕಿತ್ತುಕೊಳ್ಳಲಿಲ್ಲ, ಯಾರೂ ಪ್ರಬಂಧ ತಿದ್ದಲೂ ಇಲ್ಲ. ಆ ಕಾಗದಗಳ ನಕಲನ್ನು ಅವರ ಹೆಂಡತಿ ಮೊನ್ನೆ ನನಗೆ ತೋರಿಸಿದರು. ಒಂದರಲ್ಲೂ ನನ್ನ ಹೆಸರಿರಲಿಲ್ಲ.

ಈಗ ಸುಜಾತಾಳ ವಿಷಯ. ಭೋಜ ಎಂಬ ಹಳ್ಳಿಯ ಹುಡುಗಿ, ನಮ್ಮಲ್ಲೇ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆ ಹೋಗಿದ್ದಳು. ಇಡೀ ಕಾಲೇಜಿನಲ್ಲಿ ಸರ್ ಅವರ ಚೌಕವನ್ನು ವಹಿಯಲ್ಲಿ ಎಳೆದುಕೊಳ್ಳುತ್ತಿದ್ದವಳು ಅವಳೊಬ್ಬಳೇ. ಒಂದು ಶನಿವಾರ ಮಧ್ಯಾಹ್ನ, ಕಾಲೇಜು ಬಿಡುವ ಹೊತ್ತಿಗೆ ಸ್ಟಾಫ್ ರೂಮಿಗೆ ಬಂದಳು. ಹೆಗಲಿಗೆ ಯಾರದೋ ಕಡ ತಂದ ಲ್ಯಾಪ್‌ಟಾಪು, ಕೈಯಲ್ಲಿ ಸರ್ ಅವರ ಪ್ರಬಂಧದ ಜೆರಾಕ್ಸು. ನಿಂತೇ ಮಾತಾಡಿದಳು.

“ಸರ್, ಸಣ್ಣ ಬೀಮಿನ ಮ್ಯಾಲೆ ನನ್ನ ಪ್ರಾಜೆಕ್ಟ್ ಐತ್ರಿ. ನಿಮ್ಮ ಥೀಸಿಸ್‌ದಾಗ ಮೂರನೇ ಪದ ಕ್ಯಾನ್ಸಲ್ ಆಗತೈತಿ ಅಂತ ಐತಿ. ಮೇಡಂನೂ ಲೆಕ್ಕ ನೋಡ್ಯಾರಂತ ಬರದೀರಿ. ನನಗ ಆಗವಲ್ದು. ಎರಡು ತಿಂಗಳಾತ್ರಿ, ಹೆಂಗ ಮಾಡಿದ್ರೂ ಆಗವಲ್ದು. ನಮ್ಮ ಗೈಡ್ ಅಂತಾರ, ಥೀಸಿಸ್ ತಪ್ಪಿರಂಗಿಲ್ಲ, ನಿನಗ ಲೆಕ್ಕ ಬರಂಗಿಲ್ಲ, ಬ್ಯಾರೆ ವಿಷಯ ತಗೋ ಅಂತ.” ಜೆರಾಕ್ಸನ್ನು ಅವರ ಮುಂದೆ ಮೇಜಿನ ಮೇಲಿಟ್ಟಳು. “ನನಗ ಲೆಕ್ಕ ಬರಂಗಿಲ್ಲೇನ್ರಿ ಸರ್?”

ಸರ್ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಟೈಪ್ ಮಾಡುವಾಗ ತಪ್ಪಾಗಿರಬೇಕು ಎಂದು ಹೇಳಿ ದಾಟಿಸಿಬಿಡಬಹುದು ಎಂಬ ಯೋಚನೆ ನನ್ನ ತಲೆಯಲ್ಲಿ ಸುಳಿದುಹೋಯಿತು. ಹಾಳು ಬುದ್ಧಿ ಎಷ್ಟು ಬೇಗ ಓಡುತ್ತದೆ!

“ಒಂದು ತಾಸು ಇರ್ತಿಯೇನು ತಂಗಿ?” ಎಂದರು ಅವರು. ನಂತರ ನನಗೆ, “ಮೇಡಂ, ನೀವೂ ಬರ್ರಿ. ಲೆಕ್ಕ ನೋಡಿದವ್ರು ನೀವ ಅಲ್ಲೇನ್ರಿ?”

ತರಗತಿಗೆ ಹೋದೆವು. ಅವಳು ಮೊದಲ ಬೆಂಚಿನಲ್ಲಿ ವಹಿ ತೆರೆದು ಕೂತಳು, ನಾನು ಅವಳ ಹಿಂದೆ. ಸರ್ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಶುರು ಮಾಡಿದರು. ಒಂಬತ್ತು ವರ್ಷದ ಹಿಂದೆ ಬಿಟ್ಟ ಅಧ್ಯಾಯ ಒಂದು ಅಕ್ಷರ ತಪ್ಪದೆ ಬರತೊಡಗಿತು. ಬೋರ್ಡು ತುಂಬಿದಾಗ ಒರೆಸಿ ಮತ್ತೆ ಬರೆದರು. ಮರೆತವರು ಹೀಗೆ ಬರೆಯುವುದಿಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ಮೂವತ್ತೊಂದನೆಯ ಪುಟದ ಆ ಸಾಲಿಗೆ ಬಂದರು. ಮೊದಲ ಭಾಗ ಬರೆದರು. ಜಾಗ ಬಿಟ್ಟು ಎರಡನೆಯ ಭಾಗ ಬರೆದರು. ನಡುವಿನ ಚಿಹ್ನೆ ಬರೆಯದೆ ತಿರುಗಿ ನಿಂತು, ಸುಣ್ಣದ ತುಂಡನ್ನು ನನ್ನ ಕಡೆ ಚಾಚಿದರು.

“ಇಲ್ಲಿ ಏನು ಬರತೈತಿ, ನೀವ ಬರೀರಿ ಮೇಡಂ.”

ಎದ್ದು ಹೋದೆ. ಅಡ್ಡಗೆರೆ ಎಳೆದೆ. ಕೈ ಅಲ್ಲಿಗೇ ನಿಂತಿತು. ಅಲ್ಲಿಗೆ ನಿಲ್ಲಿಸಿದರೆ ಅದು ಮೈನಸ್. ಒಂಬತ್ತು ವರ್ಷ ಅಲ್ಲಿಗೇ ನಿಲ್ಲಿಸಿಕೊಂಡು ಬಂದಿದ್ದೆ. ಹಿಂದೆ ಆ ಹುಡುಗಿ ಕಾಯುತ್ತಿದ್ದಳು. ಅಡ್ಡಗೆರೆಯ ಮೇಲೆ ನೆಟ್ಟಗಿನ ಗೆರೆಯನ್ನೂ ಎಳೆದೆ.

“ಅಲ್ಲಿ ಮೈನಸ್ ಹಾಕಿದಾಕಿ ನಾನ್ರಿ ಸರ್” ಎಂದೆ, ಬೋರ್ಡಿಗೆ ಮುಖಮಾಡಿಯೇ. “ತಪ್ಪಿ ಅಲ್ಲ, ಬೇಕಂತ. ಫೈಲಿಗೋಸ್ಕರ.”

“ಗೊತ್ತೈತ್ರಿ.”

ತಿರುಗಿ ನೋಡಿದೆ. ಅವರು ಎಡಗಣ್ಣು ಮುಚ್ಚಿರಲಿಲ್ಲ. ಎರಡೂ ಕಣ್ಣಿಂದ ನನ್ನನ್ನೇ ನೋಡುತ್ತಿದ್ದರು.

“ಅವತ್ತ ನೀವು ರಾಯಬಾಗದಾಗ ಇಳದ್ರಿ. ನಾ ಕುಡಚಿ ಸ್ಟ್ಯಾಂಡಿನ್ಯಾಗ ಹಾಳಿ ತಗದು ನೋಡಿದೆ. ಬಸ್ಸು ಹೊಳಿ ಸೇತುವಿ ದಾಟೂದ್ರೊಳಗ ಗೊತ್ತಾತು.”

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಎಂಥ ಸಿಟ್ಟೆಂದರೆ ಕೈಯಲ್ಲಿದ್ದ ಸುಣ್ಣ ಪುಡಿಯಾಯಿತು. ಒಂಬತ್ತು ವರ್ಷ ಈ ಮನುಷ್ಯನ ಮುಖ ನೋಡಲಾರದೆ ಎರಡು ಸೀಟು ಹಿಂದೆ ಕೂತಿದ್ದೇನೆ, ಇವರು ಗೊತ್ತಿದ್ದೂ ಕಿಟಕಿಯಾಚೆ ಕಬ್ಬು ನೋಡುತ್ತಾ ಕೂತಿದ್ದರೇ?

“ಗೊತ್ತಿದ್ರ ಯಾಕ ಹೇಳಲಿಲ್ರಿ?” ಹುಡುಗಿ ಇದ್ದಾಳೆಂಬುದನ್ನೂ ಮರೆತು ಚೀರಿದೆ.

“ಹೇಳಿದ್ರ, ಗೊತ್ತಿದ್ದೂ ಇಟ್ಕೊಂಡಾವ ನಾ ಆಗ್ತಿದ್ದೆ. ಸುಮ್ಮಕಿದ್ರ ತಪ್ಪು ಪೂರಾ ನಿಮ್ಮದ ಆಗಿ ಉಳೀತೈತಿ. ಅದಕ್ಕ ಸುಮ್ಮಕಿದ್ದೆ.” ಜೇಬಿನಿಂದ ಇನ್ನೊಂದು ತುಂಡು ಸುಣ್ಣ ತೆಗೆದು ನನಗೇ ಕೊಟ್ಟರು. “ನಿಮ್ಮ ಮೈನಸ್ ನನಗ ಬೇಕಾಗಿತ್ರಿ ಮೇಡಂ. ಯಾರರ ಕೊಡ್ಲಿ ಅಂತ ಕುಂತಿದ್ದೆ. ಅಷ್ಟು ಸಣ್ಣ ಮನಷ್ಯಾ ಅದೀನಿ ನಾ.”

ಯಾವುದಕ್ಕೆ ಹೋಲಿಸಿ ಎಂದು ಕೇಳುವ ಬಾಯಿ ನನಗಿರಲಿಲ್ಲ. ನಾನು ಅವರಿಗೆ ಮೋಸ ಮಾಡಿದ್ದೆ, ಅವರು ನನ್ನನ್ನು ಅದರೊಳಗೇ ಕೂಡಿಹಾಕಿ ಕೀಲಿ ತಮ್ಮ ಜೇಬಿನಲ್ಲಿಟ್ಟುಕೊಂಡಿದ್ದರು. ಆದರೆ ಅವರೂ ಒಳಗೇ ಇದ್ದರು. ಸಿಟ್ಟು ಇಳಿದ ಮೇಲೆ ಅವರ ಮೇಲೆ ಹುಟ್ಟಿದ ಆ ಅಕ್ಕರೆ ಇಂದಿಗೂ ಹೋಗಿಲ್ಲ.

ಸುಜಾತಾ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಮಾಸ್ತರರ ಜಗಳ ಅವಳಿಗೆ ಎಷ್ಟು ತಿಳಿಯಿತೋ ಕಾಣೆ, ಅವಳಿಗೆ ಬೇಕಾದದ್ದು ಬೇರೆ.

“ಹಂಗಾರ ಅಲ್ಲಿ ಪ್ಲಸ್ ಏನ್ರಿ ಸರ್? ನಂದು ಬರೊಬ್ಬರಿ ಐತೇನ್ರಿ?”

“ನಿಂದ ಬರೊಬ್ಬರಿ ಐತಿ ತಂಗಿ. ಎರಡು ತಿಂಗಳೂ ನಿಂದ ಬರೊಬ್ಬರಿ ಇತ್ತು. ತಪ್ಪು ನಮ್ಮಿಬ್ಬರದು. ನಿನ್ನ ಗೈಡಿಗೆ ಹಂಗಂತ ನಾ ಇವತ್ತ ಬರದು ಕೊಡ್ತೀನಿ.”

ಅವಳ ಮುಖ ಅರಳಿತು. ತಲೆ ಬಗ್ಗಿಸಿ ಸರಸರ ಬರೆದುಕೊಂಡಳು. ಸರ್ ಉಳಿದ ಹದಿನಾರು ಪುಟ ಮುಗಿಸಿದರು. ಮುಂದಿನ ಪದಗಳೆಲ್ಲ ಹೇಗೆ ಬೆಳೆಯುತ್ತವೆ, ಎಲ್ಲಿಯವರೆಗೆ ಅಂದಾಜು ನಂಬಬೇಕು, ಎಲ್ಲಿಂದ ಮುಂದೆ ನಂಬಬಾರದು, ಎಲ್ಲವನ್ನೂ ಬಿಡಿಸಿದರು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು ಕೈ ಝಾಡಿಸಿಕೊಂಡರು. ಹಳೆಯ ರೂಢಿಯಂತೆ ಹುಡುಗಿ ವಹಿಯ ಬಲಮೂಲೆಯಲ್ಲಿ ಮೊದಲೇ ಚೌಕ ಎಳೆದು, ಮೇಲೆ ‘ಬಿಟ್ಟದ್ದು’ ಎಂದು ಬರೆದು ಇಟ್ಟಿದ್ದಳು.

“ಸರ್, ಚೌಕದಾಗ ಏನು ಬರಕೊಳ್ಳಿ?”

ಅವರು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದರು, ಆಮೇಲೆ ನನ್ನನ್ನು.

“ಖಾಲಿ ಇಡು” ಎಂದರು. “ಇವತ್ತ ಖರೇನ ಏನೂ ಬಿಟ್ಟಿಲ್ಲ.”